ಹಸಿರು ಬಂತು ಅಂದದ್ದು

ಚಿನ್ನಿ, ಮುನ್ನಿ, ಇದನ್ನು ನಿಮ್ಮಿಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿದ್ದು ಅರ್ಧ, ಅದೂ ಗದ್ವಾಲದಲ್ಲಿ, ಗುರುತಿಲ್ಲದ ಹುಡುಗಿಯರ ನಡುವೆ, ತಲೆ ಬಗ್ಗಿಸಿಕೊಂಡು. ಉಳಿದರ್ಧ ಇಲ್ಲಿದೆ. ನಾನು ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ ಐದನೆಯವರೆಗೆ. ನೀವು ತೆಲುಗು ಶಾಲೆಯವರು. ಓದುವಾಗ ಎಲ್ಲಾದರೂ ತಡವರಿಸಿದರೆ ಮಕ್ತಲದ ನಿಮ್ಮ ಅತ್ತೆಯಿಂದ ಓದಿಸಿಕೊಳ್ಳಿ.

ಚಿನ್ನಿ, ಗಿಟಾರು ಬಂದ ಹೊಸತರಲ್ಲಿ ನೀನು ಫೋನನ್ನು ಎದುರಿಗಿಟ್ಟುಕೊಂಡು ತಂತಿ ಸರಿಮಾಡುತ್ತಿದ್ದೆ. ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಅದು ಆಗುವ ಮಾತಾಗಿರಲಿಲ್ಲ. ಒಳಗೆ ನಿಮ್ಮಪ್ಪನ ಮಗ್ಗ, ಗೋಡೆಯಾಚೆ ಇನ್ನೊಂದು, ಎದುರು ಮನೆಯಲ್ಲಿ ಎರಡು. ನೀನು ತಂತಿ ಮೀಟಿದರೆ ಫೋನು ಮಗ್ಗದ ಸದ್ದನ್ನೂ ಕೇಳಿಸಿಕೊಂಡು ತೆರೆಯ ಮೇಲೆ ಸ್ವರ ತೋರಿಸುವ ಮುಳ್ಳನ್ನು ಅತ್ತಿತ್ತ ಓಡಿಸುತ್ತಿತ್ತು. ಚೂರು ನಿಲ್ಲಿಸಪ್ಪಾ ಎಂದು ನೀನು ಕೇಳಿಕೊಂಡರೆ, ನಿನ್ನ ಗಿಟಾರು ಸೀರೆ ನೇಯುವುದಾದರೆ ನಿಲ್ಲಿಸುತ್ತೇನೆ ಎಂದು ಅವನು ಕೈ ನಿಲ್ಲಿಸದೆಯೇ ಅನ್ನುತ್ತಿದ್ದ.

ಆಮೇಲೆ ನೀನು ಹೈದರಾಬಾದಿನಿಂದ ಆ ಹಳೆಯ ಪೆಡಲನ್ನು ತರಿಸಿದೆ. ಊಟದ ಡಬ್ಬಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಗಿಟಾರಿನ ವೈರು ಅದರೊಳಗೆ ಹೋಗುತ್ತದೆ, ಅಲ್ಲಿಂದ ಸ್ಪೀಕರಿಗೆ. ಅದರ ಗುಂಡಿಯನ್ನು ಕಾಲಿನಿಂದ ಒತ್ತಿ ಹಿಡಿದರೆ ಸ್ಪೀಕರು ಸುಮ್ಮನಾಗುತ್ತದೆ, ಪೆಟ್ಟಿಗೆಯ ಮೇಲೆ ಸ್ವರದ ಹೆಸರಿನ ಒಂದು ಇಂಗ್ಲಿಷ್ ಅಕ್ಷರ ಮತ್ತು ಸಾಲು ದೀಪಗಳು ಹತ್ತುತ್ತವೆ. ವೈರಿನಲ್ಲಿ ಬಂದದ್ದನ್ನು ಬಿಟ್ಟು ಬೇರೆ ಏನನ್ನೂ ಅದು ಕೇಳುವುದಿಲ್ಲ. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಬಡಿದುಕೊಂಡರೂ ಅದರ ದೀಪ ಅಲುಗುತ್ತಿರಲಿಲ್ಲ. ನನಗೆ ಅದು ಬಹಳ ಹಿಡಿಸಿತು.

ಬಗ್ಗಿ ನೋಡಲು ಹೋದರೆ ಗಿಟಾರು ಜಾರುತ್ತದೆ ಎಂದು ನೀನು ನನ್ನನ್ನು ಪೆಡಲಿನ ಪಕ್ಕ ನೆಲದ ಮೇಲೆ ಕೂರಿಸಿದೆ. ಎಡಗಡೆ ಕೆಂಪು ಹತ್ತಿದರೆ ತಂತಿ ಸಡಿಲ, ಬಲಗಡೆ ಹತ್ತಿದರೆ ಬಿಗಿ, ನಡುವೆ ಹಸಿರು ಬಂದರೆ ಸರಿ. ಅಷ್ಟು ಕಲಿಸಿಕೊಟ್ಟೆ. ಆರು ತಂತಿಗೆ ಆರು ಸಲ ನೀನು ಹಸಿರು ಬಂತೇನಜ್ಜಿ ಎಂದು ಕೇಳುವುದು, ಬಂತವ್ವ ಎಂದು ನಾನು ಹೇಳುವುದು. ಮನೆಗೆ ಯಾರಾದರೂ ಬಂದರೆ ಅಡುಗೆಮನೆಗೆ ಸರಿದುಬಿಡುವ ನಾನು ಗಟ್ಟಿಯಾಗಿ ಬಾಯಿಬಿಡುತ್ತಿದ್ದ ಕೆಲಸ ಅದೊಂದೇ.

ಮಕ್ತಲದಲ್ಲಿ ನಿಮ್ಮ ಅತ್ತೆಯ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ನಿಮಗೂ ಮರೆತಿರಲಾರದು. ಚಿನ್ನಿ ಬಾರಿಸುವುದು, ಮುನ್ನಿ ಹಾಡುವುದು ಎಂದು ನಿಶ್ಚಯವಾಗಿತ್ತು. ಪಡಸಾಲೆ ತುಂಬ ಹೆಂಗಸರು ಕಾಯುತ್ತಿದ್ದರು, ಚಿನ್ನಿಗೆ ಅವಸರ. ಮೂರನೆಯ ತಂತಿ ಬಿಗಿಯಾಗಿ ದೀಪ ಬಲಕ್ಕೆ ಹೋಯಿತು. ನೀನು ತಂತಿ ಸುತ್ತಿದ ಬಿರಡೆಯನ್ನು ಒಂದು ಕೂದಲೆಳೆ ಹಿಂದಕ್ಕೆ ತಿರುವಿದೆ. ಹಸಿರು ಬಂತು. ನಾನು ಬಂತು ಅಂದೆ. ಆಮೇಲೆ ನೀನು ಸುಮ್ಮನೆ ಇನ್ನೆರಡು ಸಲ ಮೀಟಿದೆ. ಹಸಿರು ಆರಿ ಎಡಕ್ಕೆ ಕೆಂಪು ಹತ್ತಿತು. ನೀನು ಆಗಲೇ ಮುಂದಿನ ತಂತಿ ಹಿಡಿದಿದ್ದೆ. ಅದೂ ಹಾಗೇ ಆಯಿತು. ಎಲ್ಲರ ಕಣ್ಣು ಪೆಟ್ಟಿಗೆಯ ಮೇಲೆ, ಅಂದರೆ ನನ್ನ ಮೇಲೆ. ನಾನು ಸೆರಗು ಸರಿಮಾಡಿಕೊಂಡು ಸುಮ್ಮನೆ ಕುಳಿತೆ.

ಇನ್ನು ಮುಂದಿನದು ನಿಮ್ಮಿಬ್ಬರದೂ, ಅದಕ್ಕೆ ಹೆಸರು ಹಿಡಿದೇ ಬರೆಯುತ್ತೇನೆ. ಜೋಗುಳದ ಎರಡನೆಯ ನುಡಿಗೆ ಬರುವಷ್ಟರಲ್ಲಿ ದನಿ ಒಂದು ಕಡೆ, ತಂತಿ ಒಂದು ಕಡೆ ಆಯಿತು. ಅಕ್ಕ ಕೋಸಗಿ ಬಸ್ಸು ಹತ್ತಿದಳು, ತಂಗಿ ನಾರ್ವದ ಬಸ್ಸು ಹತ್ತಿದಳು ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಿಮ್ಮ ಅತ್ತೆಯೂ ನಕ್ಕಳು.

"ನಾನು ಹಸಿರು ನೋಡೇ ಬಾರಿಸೀನಿ," ಎಂದು ಚಿನ್ನಿ ಎಲ್ಲರೆದುರಿಗೆ ಅಂದಳು. "ಬೇಕಾದ್ರ ಅಜ್ಜೀನ ಕೇಳ್ರಿ. ಜಾರಿದ್ದು ಇಕಿ ದನಿ."

ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಂದಿನಿಂದ ಮುನ್ನಿ ಹಾಡು ಬಿಟ್ಟಳು. ಪಾತ್ರೆ ತಿಕ್ಕುವಾಗ ಗುನುಗುತ್ತಿದ್ದವಳು ಅದನ್ನೂ ಬಿಟ್ಟಳು. ಚಿನ್ನಿ ಗದ್ವಾಲದ ಹಾಸ್ಟೆಲಿಗೆ ಹೋಗುವಾಗ ತಂಗಿಗೆ ಬರುತ್ತೇನೆ ಅನ್ನಲಿಲ್ಲ.

ತಂತಿ ಯಾಕೆ ಜಾರಿತು ಎಂಬುದು ನನಗೆ ಅಲ್ಲೇ ಗೊತ್ತಿತ್ತು. ಮಕ್ಕಳೇ, ನಮ್ಮ ಮನೆಯಲ್ಲಿ ನೇಯುವ ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಒಂದೇ ಮಗ್ಗದಲ್ಲಿ ಎರಡು ಬಗೆಯ ಎಳೆ, ಎರಡಕ್ಕೂ ಬೇರೆ ಬೇರೆ ಬಿಗಿ. ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ಮೇಲೆ ಬೆರಳಾಡಿಸಿ ಅದನ್ನು ತಿಳಿಯಬೇಕು. ಬಿಗಿ ಹೆಚ್ಚಾಯಿತೆಂದು ಒಂಚೂರು ಸಡಿಲಿಸಿ ಬಿಟ್ಟರೆ ಆ ಗಳಿಗೆಗೆ ಸರಿ ಅನಿಸುತ್ತದೆ. ಮಗ್ಗದ ನಾಲ್ಕು ಪೆಟ್ಟು ಬಿದ್ದ ಮೇಲೆ ಇನ್ನಷ್ಟು ಇಳಿಯುತ್ತದೆ. ಅದಕ್ಕೇ ನಾವು ಪೂರ್ತಿ ಸಡಿಲ ಬಿಟ್ಟು ಮತ್ತೆ ಕೆಳಗಿನಿಂದ ಎಳೆದು ತರುತ್ತೇವೆ. ತಂತಿಯೂ ಒಂದು ಎಳೆಯೇ ಅಲ್ಲವೇ.

ಮದುವೆಯಾದ ಮೊದಲ ವರ್ಷ ನಿಮ್ಮ ಅಜ್ಜ ಒಂದು ದಿನ ಅಂಚಿನ ರೇಷ್ಮೆಯನ್ನು ಹಾಗೇ ಚೂರು ಸಡಿಲಿಸಿದ್ದರು. ನಾನು ಮುಟ್ಟಿದೆ, ಬೆರಳಿಗೆ ಗೊತ್ತಾಯಿತು. ನನ್ನ ಅತ್ತೆ, ಮಾವ, ಸೀರೆ ನೋಡಲು ಬಂದವರು ಎಲ್ಲರೂ ಅಲ್ಲೇ ನಿಂತಿದ್ದರು. ಹೊಸ ಸೊಸೆ ಏನು ಹೇಳಿಯಾಳು. ಸೀರೆಯುದ್ದಕ್ಕೂ ಅಂಚು ನೆರಿಗೆ ನೆರಿಗೆಯಾಗಿ ಬಂತು. ಮುಟ್ಟಿದಾಗ ನಿನ್ನ ಕೈಗೆ ತಿಳಿಯಲಿಲ್ಲವೇ ಎಂದು ಸೀರೆ ಮುಗಿದ ಸಂಜೆ ಅಜ್ಜ ಮೆಲ್ಲಗೆ ಕೇಳಿದರು. ಇಲ್ಲ ಅಂದೆ. ಅವರು ನಂಬಿದರು. ಈಗ ಅವರಿಲ್ಲ. ಆ ಇಲ್ಲವನ್ನು ಹೌದು ಮಾಡಲು ನನಗೆ ದಾರಿಯಿಲ್ಲ.

ಗದ್ವಾಲದ ಕಾಲೇಜಿನಲ್ಲಿ ಚಿನ್ನಿ ಬಾರಿಸುವ ದಿನ, ಬಸ್ಸಿನಲ್ಲಿ ಒಬ್ಬಳೇ ಹೋಗಲಾರೆ ಎಂದು ನಾನು ಮುನ್ನಿಯನ್ನು ಹೊರಡಿಸಿದೆ. ಹಾಡುವವಳು ಹಾಸ್ಟೆಲಿನ ಬೇರೆ ಹುಡುಗಿ. ವೇದಿಕೆಯ ಹಿಂದಿನ ಕೋಣೆಯಲ್ಲಿ ಹತ್ತಾರು ಜನ ಇದ್ದರು. ಚಿನ್ನಿ ರೂಢಿಯಂತೆ ನನ್ನನ್ನು ಪೆಡಲಿನ ಪಕ್ಕ ಕೂರಿಸಿದಳು. ಮುನ್ನಿ ನನ್ನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮತ್ತೆ ಅದೇ ಮೂರನೆಯ ತಂತಿ ಬಲಕ್ಕೆ ಹೋಯಿತು, ಬಿರಡೆ ಚೂರು ಹಿಂದಕ್ಕೆ ಬಂತು.

"ಹಸಿರು ಬಂತೇನಜ್ಜಿ?"

"ಬಂದೈತಿ. ಆದ್ರ ನಿಲ್ಲಂಗಿಲ್ಲ."

ಒಬ್ಬ ಹುಡುಗಿ ನಕ್ಕು, "ಅಜ್ಜೀಗೂ ಗಿಟಾರ್ ಬರತೈತೇನ್ರೀ?" ಅಂದಳು.

"ಗಿಟಾರ್ ಬರಂಗಿಲ್ಲವ್ವ. ಎಳಿ ಗೊತ್ತು," ಅಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. "ಚಿನ್ನಿ, ಅದನ್ನ ಪೂರಾ ಇಳಿಸು. ಕೆಂಪು ಎಡಕ್ಕ ಬರಲಿ. ಆಮ್ಯಾಲ ಏರಿಸ್ಕೋತ ಬಾ. ಮಕ್ತಲದಾಗೂ ಹಸಿರು ಜಾರಿತ್ತು. ನಾ ನೋಡೀನಿ, ನೋಡಿನೂ ಹೇಳಲಿಲ್ಲ. ಮುನ್ನಿ ದನಿ ತಪ್ಪಿರಲಿಲ್ಲ."

ಚಿನ್ನಿ ನನ್ನನ್ನೂ ನೋಡಲಿಲ್ಲ, ತಂಗಿಯನ್ನೂ ನೋಡಲಿಲ್ಲ. ಬಿರಡೆ ಇಳಿಸಿದಳು. ಉಳಿದ ತಂತಿಗಳ ಮೇಲೆ ಅಂಗೈ ಇಟ್ಟು ಮೆತ್ತಗೆ ಮೀಟುತ್ತ ಮೇಲಕ್ಕೆ ತಂದಳು. ಹಸಿರು ಬಂದ ಮೇಲೆ ಬೆರಳಿನಿಂದ ತಂತಿಯನ್ನು ಎಳೆದು ಬಿಟ್ಟು ಮತ್ತೊಮ್ಮೆ ನೋಡಿದಳು. ಆರೂ ಮುಗಿದ ಮೇಲೆ ಪುನಃ ಮೊದಲನೆಯದಕ್ಕೆ ಬಂದಳು, ಯಾಕೆಂದರೆ ಒಂದನ್ನು ಬಿಗಿಮಾಡಿದರೆ ಇನ್ನೊಂದು ಚೂರು ಸರಿಯುತ್ತದೆ. ಈ ಸಲ ಹಸಿರು ನಿಂತಿತು. ವೇದಿಕೆಯ ಮೇಲೂ ಕೊನೆಯವರೆಗೆ ತಂತಿ ಜಾರಲಿಲ್ಲ.

ಮುನ್ನಿಗೆ ಅದರಿಂದ ಏನೂ ಸಿಗಲಿಲ್ಲ, ಹಾಡಿದ್ದು ಬೇರೆಯವಳು. ಸಭೆಯಲ್ಲಿ ನನ್ನ ಪಕ್ಕ ಕುಳಿತಿದ್ದಾಗ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನನ್ನನ್ನು ಕೇಳಿದಳು. ನಾಚಿಕೆಯಾಯಿತು ಅಂದೆ. "ನಿನಗ ನಾಚಿಕಿ, ನನಗ ಬೈಗುಳ," ಅಂದಳು. 

ಮರುದಿನ ಚಿನ್ನಿಗೆ ರಜೆ, ಮೂವರೂ ಬಸ್ಸಿನಲ್ಲಿ ಊರಿಗೆ ಬರುತ್ತ ಮಕ್ತಲದಲ್ಲಿ ಇಳಿದೆವು. ಅತ್ತೆಯ ಮನೆಯಲ್ಲಿ ಕೂಸು ಅಳುತ್ತಿತ್ತು. ಚಿನ್ನಿ ಗಿಟಾರು ತೆಗೆದು ವೈರು ಚುಚ್ಚಿದಳು. ನಾನು ರೂಢಿಯಂತೆ ನೆಲಕ್ಕೆ ಕೈಯೂರಿ ಕೂರಲು ಹೋದೆ. ಅವಳು ಪೆಡಲನ್ನು ಮುನ್ನಿಯ ಮುಂದೆ ಸರಿಸಿದಳು.

"ನೀನೇ ನೋಡು. ನಿಂತ ಮ್ಯಾಲ ಹೇಳು."

ಮುನ್ನಿ ಬಹಳ ಹೊತ್ತು ಆ ದೀಪ ನೋಡುತ್ತ ಕುಳಿತಳು. ಮೂರು ಸಲ ಇಲ್ಲ ಅಂದಳು, ಅದರಲ್ಲಿ ಒಂದು ಸಲ ಬೇಕೆಂದೇ ಅಂದಳು ಎಂದು ನನ್ನ ಅನುಮಾನ. ಚಿನ್ನಿ ಮೂರು ಸಲವೂ ಬಿರಡೆ ಇಳಿಸಿ ಮತ್ತೆ ಏರಿಸಿದಳು. ಆಮೇಲೆ ಮುನ್ನಿ, ಕೂಸಿಗೆ ಎಂಬಂತೆ ಆ ಕಡೆ ಮುಖ ಮಾಡಿ, ಜೋಗುಳದ ಒಂದು ನುಡಿ ಹಾಡಿದಳು.

ಈ ಹಾಳೆಗಳು ಮುನ್ನಿಯ ಹತ್ತಿರ ಇರಲಿ. ಮುಂದೆ ಯಾರಾದರೂ ಆ ತೊಟ್ಟಿಲ ದಿನದ ಮಾತು ತೆಗೆದರೆ ತೋರಿಸಲಿಕ್ಕೆ ಅವಳಿಗೆ ಬೇಕಾದೀತು. ಚಿನ್ನಿ, ನೀನು ಕೇಳಿದಾಗ ಅವಳು ಓದಲು ಕೊಡುತ್ತಾಳೆ, ಓದಿ ಹಿಂದಕ್ಕೆ ಕೊಡು. ನನ್ನ ಬಟ್ಟೆಯ ಪೆಟ್ಟಿಗೆಯಲ್ಲಿ ಅಜ್ಜನ ಅಂಗವಸ್ತ್ರವೊಂದಿದೆ. ಅದರಲ್ಲಿ ಸುತ್ತಿ, ಹುಳ ತಿನ್ನದಂತೆ ಎತ್ತಿಡಿ.