ಒಂದು ಹಿಡಿ ಉಣ್ಣೆ

ನಮ್ಮ ಇಂಗ್ಲಿಷ್ ಮೇಡಂ ಬೆರಳುಗಳು ಸುಮ್ಮನಿದ್ದುದನ್ನು ನಾನು ಕಂಡದ್ದೇ ಇಲ್ಲ. ಬಲಗೈಯಲ್ಲಿ ಸೀಮೆಸುಣ್ಣ, ಎಡಗೈಯಲ್ಲಿ ಸೆರಗಿನ ತುದಿ. ಪಾಠ ಮಾಡುತ್ತಲೇ ಎಳೆ ಕೀಳುತ್ತಿದ್ದರು. ಅವರ ಒಂದೊಂದು ಸೀರೆಯ ಸೆರಗೂ ಇಲಿ ಕಡಿದ ಹಾಗಿತ್ತು. ಚನ್ನಪಟ್ಟಣದವರು, ಕುದೂರಿನ ನಮ್ಮ ಹೈಸ್ಕೂಲಿಗೆ ಬಂದ ಮೇಲೆ ಕುರ್ಚಿಯಲ್ಲಿ ಕೂತದ್ದನ್ನು ಯಾರೂ ನೋಡಲಿಲ್ಲ.

ಬಾಯಿಯೂ ಹಾಗೆಯೇ. ತಡವಾಗಿ ಬಂದವನಿಗೆ, "ಬಾಪ್ಪಾ ಮದುಮಗನೇ, ದಿಬ್ಬಣ ಎಲ್ಲಿ ಬುಟ್ಟು ಬಂದೆ?" ಹೋಂವರ್ಕ್ ತರದವಳಿಗೆ, "ನಿಮ್ಮನೆ ಹಸ ಇಂಗ್ಲಿಷೂ ಮೇಯ್ತದಾ ತಾಯಿ?" ಇಡೀ ತರಗತಿಯನ್ನು ರೇಗಿಸುತ್ತಿದ್ದವರು ನನ್ನೊಬ್ಬಳ ತಂಟೆಗೆ ಬರುತ್ತಿರಲಿಲ್ಲ. ಕಾರಣ ನನಗೆ ಗೊತ್ತಿತ್ತು. ನಮ್ಮದು ಕುರಿ ಸಾಕುವ ಮನೆ. ಬೆಳಿಗ್ಗೆ ಕುರಿರೊಪ್ಪ ಗುಡಿಸಿಯೇ ಶಾಲೆಗೆ ಹೊರಡುತ್ತಿದ್ದೆ. ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಹಿಂದಿನ ಬೆಂಚಿನವರು ಮೂಗು ಹಿಡಿದು "ಬ್ಯಾ" ಎನ್ನುತ್ತಿದ್ದರು. ಮೊದಲೇ ನೊಂದ ಹುಡುಗಿ ಎಂದು ಮೇಡಂ ನನ್ನನ್ನು ಬಿಟ್ಟಿದ್ದರು. ಆ ಕರುಣೆಯೇ ನನಗೆ ಹೆಚ್ಚು ಉರಿಯುತ್ತಿತ್ತು. ಒಂಬತ್ತನೇ ತರಗತಿಯ ನಡುವೆ, ಇನ್ನು ಶಾಲೆಗೆ ಹೋಗುವುದಿಲ್ಲ ಎಂದು ಮನೆಯಲ್ಲಿ ಕೂತುಬಿಟ್ಟೆ.

ಮೇಡಂ ಹುಡುಕಿಕೊಂಡು ಬಂದರು. ಬಂದದ್ದು ಸರಿಯಾಗಿ ಉಣ್ಣೆ ಕತ್ತರಿಸುವ ದಿನ. ಅಂದು ನಮ್ಮ ಮನೆಗೆ ಬಂದವರು ಯಾರೇ ಆಗಲಿ, ಒಂದು ಹಿಡಿ ಉಣ್ಣೆ ಹಿಂಜದೆ ಎದ್ದು ಹೋಗುವಂತಿಲ್ಲ. ಅಜ್ಜಿ ಗೋಣಿಚೀಲ ಹಾಸಿ ಮೇಡಂ ಅವರನ್ನೂ ಕೂರಿಸಿದಳು. ಗಂಟುಗಂಟಾದ ಉಣ್ಣೆಯನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ ಹಗುರ ಮಾಡುವ ಕೆಲಸ. ಮೇಡಂ ಸೆರಗು ಕಿತ್ತ ಅಭ್ಯಾಸದಲ್ಲಿ ಪರಪರ ಎಳೆದರು. ಎಳೆಯೆಲ್ಲ ತುಂಡು.

"ಅಯ್ಯೋ ನನ್ನವ್ವಾ, ಉಣ್ಣೆ ಹಿಂಜ್ತಿದ್ದೀಯೋ ಕೋಳಿ ಪುಕ್ಕ ಕೀಳ್ತಿದ್ದೀಯೋ? ಒಸಿ ನಿಧಾನ ಕಣವ್ವ" ಎಂದಳು ಅಜ್ಜಿ.

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಕ್ಲಾಸಿಗೆ ಒಂದು ಮೂಟೆ ಉಣ್ಣೆ ಬೇಕು. ಹೊರೋಕೆ ನನ್ ಕೈಲಾಗಲ್ಲ, ನೀನೇ ತರ್ಬೇಕು" ಎಂದರು.

ಬೆಳಿಗ್ಗೆ ಮೂಟೆ ಹೊತ್ತುಕೊಂಡು ಹೋದೆ. ಮೇಡಂ ಎಲ್ಲರ ಮುಂದೂ ಒಂದೊಂದು ಹಿಡಿ ಉಣ್ಣೆ ಇಟ್ಟು ಹಿಂಜಲು ಹೇಳಿದರು. ಬೋರ್ಡಿನ ಮೇಲೆ 'ಟೀಸ್' ಎಂಬ ಇಂಗ್ಲಿಷ್ ಪದ ಬರೆದು, ಅರ್ಥ ಏನೆಂದು ಕೇಳಿದರು.

"ರೇಗ್ಸೋದು ಮೇಡಂ."

"ಅದು ಈಗ. ಹುಟ್ಟಿದಾಗ ಅದರರ್ಥ ನೀವೀಗ ಮಾಡ್ತಿರೋ ಕೆಲ್ಸ, ಉಣ್ಣೆ ಹಿಂಜೋದು. ಇಂಗ್ಲಿಷ್ನೋರೂ ಕುರಿ ಸಾಕ್ದೋರೇ ಕಣ್ರೋ! ಉಣ್ಣೆಗಿದ್ದ ಮಾತು ಆಮೇಲೆ ಮನುಷ್ಯರಿಗೂ ಬಂತು. ನಿನ್ನೆ ನಾನು ಎಳೆದೆ, ಎಲ್ಲಾ ಹರಿದೋಯ್ತು. ಇವಳ ಅಜ್ಜಿ ಹಿಂಜಿದ್ರೆ ಒಂದೆಳೇನೂ ಹರಿಯಲ್ಲ. ನಿಮ್ದು ಹೆಂಗೈತೆ, ನೀವೇ ನೋಡ್ಕೊಳ್ಳಿ."

ಸಂಜೆಯವರೆಗೂ ಎಲ್ಲರ ಕೈಯಲ್ಲೂ ಕುರಿಯ ವಾಸನೆ. ನಲ್ಲಿ ನೀರಿಗೆ ಹೋಗುವಂಥದ್ದಲ್ಲ ಅದು. ಹಿಂದಿನ ಬೆಂಚಿನ ಒಬ್ಬ ತನ್ನ ಕೈ ತಾನೇ ಮೂಸಿಕೊಂಡು "ಬ್ಯಾ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮಾರನೆಯ ದಿನ ಮೇಡಂ ನನ್ನ ಪ್ರಬಂಧ ಎತ್ತಿ ಹಿಡಿದು, "ಏನೇ ಇದು, ನೀನು ಬರೆದಿದ್ದೋ ನಿಮ್ಮ ಟಗರು ಬರೆದಿದ್ದೋ?" ಎಂದರು. ಕಡೆಗೂ ನನ್ನನ್ನು ರೇಗಿಸಿದ್ದರು! ಆ ಖುಷಿಯನ್ನು ಹೇಗೆ ಹೇಳಲಿ? ಮತ್ತೆ ಶಾಲೆ ಬಿಡುವ ಮಾತೆತ್ತಲಿಲ್ಲ. ಈಗ ಮಾಗಡಿಯಲ್ಲಿ ನಾನೇ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳಿಗೆ ತೋರಿಸಲೆಂದು ಬ್ಯಾಗಿನಲ್ಲಿ ಯಾವಾಗಲೂ ಒಂದು ಹಿಡಿ ಉಣ್ಣೆ ಇರುತ್ತದೆ.

ಹೋದ ತಿಂಗಳು ಮೇಡಂ ಮಗಳು ಫೋನ್ ಮಾಡಿದಳು. ಅಮ್ಮ ರಾಮನಗರದ ಆಸ್ಪತ್ರೆಯಲ್ಲಿದ್ದಾರೆ, ಯಾರ ಗುರುತೂ ಹತ್ತುತ್ತಿಲ್ಲ ಎಂದಳು. ಹಾಳಾದ ಬಸ್ಸು ಸಿಕ್ಕಸಿಕ್ಕಲ್ಲಿ ನಿಂತು ನನ್ನ ಜೀವ ತಿಂದಿತು. ಹೋಗಿ ನೋಡಿದರೆ ಕಣ್ಣು ಅರ್ಧ ಮುಚ್ಚಿತ್ತು, ಬೆರಳುಗಳು ಮಾತ್ರ ಹೊದಿಕೆಯನ್ನು ಕೀಳುತ್ತಲೇ ಇದ್ದವು.

"ಬೆಳಗ್ಗಿಂದ ಹಿಂಗೇ ಅಕ್ಕ, ನಿಲ್ಲಿಸ್ತಾನೇ ಇಲ್ಲ" ಎಂದು ಮಗಳು ಅತ್ತಳು.

ನನಗೆ ನೋಡಲಾಗಲಿಲ್ಲ. ಬ್ಯಾಗಿನಿಂದ ಉಣ್ಣೆ ತೆಗೆದು ಅವರ ಕೈಗಿಟ್ಟೆ. ಬೆರಳುಗಳು ಒಮ್ಮೆ ನಿಂತವು. ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಟಗರು ಬಂತಾ?" ಎಂದರು.

"ಬಂದೆ ಮೇಡಂ" ಎಂದೆ. ಅವರು ಹಿಂಜಲು ಶುರು ಮಾಡಿದರು.

ಮರುದಿನ ಬೆಳಿಗ್ಗೆ ಹೋಗಿಬಿಟ್ಟರು. ಅವರ ಮುಷ್ಟಿಯಲ್ಲಿದ್ದ ಉಣ್ಣೆಯನ್ನು ಮಗಳು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟಳು. ಮನೆಗೆ ಬಂದು ಬಿಡಿಸಿ ನೋಡಿದೆ. ಪೂರ್ತಿ ಹಿಂಜಿ ಮುಗಿಸಿದ್ದರು. ಒಂದೆಳೆಯೂ ಹರಿದಿರಲಿಲ್ಲ.