ಓಣಿಗೆ ಬಿಸಿಲಿನ ಪಾಠ ಹೇಳುವ ಶೋಭಾ

ಬೆಳಕು ಈಗಷ್ಟೇ ಹರಿಯುತ್ತಿದೆ. ಲೇಕ್ ಗಾರ್ಡನ್ಸ್ ರೈಲು ನಿಲ್ದಾಣದಾಚೆ, ಹಳಿ ಪಕ್ಕದ ತಗಡಿನ ಮನೆಗಳ ಓಣಿಯಲ್ಲಿ ನಗುವೋ ನಗು. ಶೋಭಾ ಬಕೆಟ್ಟಿನಲ್ಲಿ ಅದ್ದಿದ ಟವೆಲನ್ನು ನೆಲದ ಮೇಲೆ ಮಲಗಿದ ಹೆಂಗಸಿನ ಕುತ್ತಿಗೆಗೆ ಹೊದಿಸುತ್ತಾರೆ. "ನೀನು ಬಿಸಿಲಿಗೆ ಎಚ್ಚರ ತಪ್ಪಿ ಬಿದ್ದವಳು, ನಗಬಾರದು" ಎಂದು ಧಾರವಾಡದ ಧಾಟಿಯ ಬಂಗಾಳಿಯಲ್ಲಿ ಗದರುತ್ತಾರೆ. ಎಚ್ಚರ ತಪ್ಪಿದವಳೇ ಎಲ್ಲರಿಗಿಂತ ಜೋರಾಗಿ ನಗುತ್ತಾಳೆ. ಇನ್ನು ಸ್ವಲ್ಪ ಹೊತ್ತಿಗೆ ಇವರೆಲ್ಲ ಮನೆಗೆಲಸಕ್ಕೆ ಹೊರಡುತ್ತಾರೆ. ಪಾಠ ಅಷ್ಟರೊಳಗೆ ಮುಗಿಯಬೇಕು.

ಶೋಭಾ ಈ ವಾರ್ಡಿನ ಆರೋಗ್ಯ ಕಾರ್ಯಕರ್ತೆ. ಪತಿ ಬದರಿನಾಥ ಅವರಿಗೆ ಸಿಯಾಲ್ದಾದಲ್ಲಿ ರೈಲ್ವೆ ನೌಕರಿ; ಧಾರವಾಡದಿಂದ ಇಲ್ಲಿಗೆ ಬಂದದ್ದು ಅದರಿಂದಲೇ. ದಿನಕ್ಕೆ ನಲವತ್ತರಷ್ಟು ಮನೆ ಸುತ್ತುವ ಶೋಭಾ ಮೊದಲು ವಿಚಾರಿಸುತ್ತಿದ್ದುದು ಲಸಿಕೆ, ಬಸುರಿಯರು, ಡೆಂಗಿ ಇಷ್ಟನ್ನೇ. ಒಂದು ಬೇಸಿಗೆಯಲ್ಲಿ ಓಣಿಯ ಅಜ್ಜಿಯೊಬ್ಬರು ಮಧ್ಯಾಹ್ನ ಮಲಗಿದವರು ಏಳಲೇ ಇಲ್ಲ.

"ಎಲ್ಲಾರೂ ವಯಸ್ಸಾಗಿತ್ತು ಅಂದ್ರು. ಆ ತಗಡಿನ ಕೆಳಗ ಒಂದ್ ತಾಸು ಕುಂತು ನೋಡ್ರಿ, ವಯಸ್ಸೋ ಬಿಸಲೋ ತಿಳೀತದ."

ಆಮೇಲೆ ಶೋಭಾ ಮೇಲಧಿಕಾರಿಗಳ ಬೆನ್ನು ಹತ್ತಿ ಆರೋಗ್ಯ ಕೇಂದ್ರದಲ್ಲಿ ಬಿಸಿಲಿನ ಬಾಧೆಯ ಬಗ್ಗೆ ತರಬೇತಿ ಮಾಡಿಸಿದರು. ಕಲಿತದ್ದನ್ನು ಓಣಿಗೆ ತಂದರು. "ಬಿಸಲಿಗೂ ಸಾಲಿ ಏನು ದೀದಿ, ಅಂತ ನಗ್ತಿದ್ರು. ನಗಲಿ ಬಿಡ್ರಿ, ಬಂದು ಕುಂತ್ರ ಸಾಕಾಗಿತ್ತು ನನಗ."

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಶೋಭಾ ನಗರದ ಇನ್ನೊಂದು ತುದಿಯ ಡಮ್ ಡಮ್‌ನಲ್ಲಿದ್ದಾಗ ಫೋನ್ ಬಂತು. ಸೈಕಲ್ ಗಾಡಿ ತುಳಿಯುವ ಹಾರಾಧನ್ ಓಣಿಯ ಬಾಯಲ್ಲೇ ಕುಸಿದುಬಿದ್ದಿದ್ದ. ಮೈ ಕೆಂಡ, ಮಾತು ತೊದಲು. ಫೋನ್ ಮಾಡಿದವರು ಪಾಠಕ್ಕೆ ಬಂದು ಕೂರುತ್ತಿದ್ದ, ಮನೆಗೆಲಸ ಮಾಡುವ ಮಿನತಿ. "ಏನು ಮಾಡಬೇಕು ಅಂತ ಹೇಳಾಕ ಬಾಯಿ ತೆಗದೆ. 'ಗೊತ್ತದ ದೀದಿ, ನೀವು ಬರ್ರಿ' ಅಂತ ಫೋನ್ ಇಟ್ಟಬಿಟ್ಳು!" ಎನ್ನುತ್ತಾರೆ ಶೋಭಾ.

ಶೋಭಾ ಆಗಿಂದಾಗಲೇ ಹೊರಟರು. ಓಡುತ್ತ ಓಣಿ ಸೇರಿದರೆ ಹಾರಾಧನ್ ನೆರಳಿನಲ್ಲಿದ್ದ. ಮೈತುಂಬ ಒದ್ದೆ ಬಟ್ಟೆ, ಕಂಕುಳಲ್ಲಿ ಮೀನಿನಂಗಡಿಯಿಂದ ತಂದ ಮಂಜುಗಡ್ಡೆ, ಎರಡೂ ಬದಿಯಲ್ಲಿ ರಟ್ಟು ಬೀಸುತ್ತಿದ್ದ ಹೆಂಗಸರು. ಎಚ್ಚರವಿಲ್ಲದವನ ಬಾಯಿಗೆ ನೀರು ಹೊಯ್ಯಲು ಬಂದವರನ್ನು ಮಿನತಿ ದೂರ ತಳ್ಳಿದ್ದರು. ಆಂಬುಲೆನ್ಸ್ ಆಗಲೇ ಬಂದು ನಿಂತಿತ್ತು.

"ಮೈ ತಣ್ಣಗೆ ಮಾಡಿ ಕರೆತಂದಿದ್ದಕ್ಕೇ ಉಳಿದ" ಎಂದರು ಆಸ್ಪತ್ರೆಯ ವೈದ್ಯರು. ವಾರ ಕಳೆದು ಮನೆಗೆ ಮರಳಿದ ಹಾರಾಧನ್ ಓಣಿಗೆಲ್ಲ ರಸಗುಲ್ಲ ಹಂಚಿದ.

"ಆವತ್ತ ನನಗ ಮಾಡಾಕ ಏನೂ ಉಳಿದಿರಲಿಲ್ರಿ" ಎನ್ನುವಾಗ ಶೋಭಾರ ಮುಖ ಅರಳುತ್ತದೆ. "ಅಷ್ಟು ಖುಷಿ ಯಾವತ್ತೂ ಆಗಿಲ್ಲ."

ಈಗ ಮಿನತಿಯನ್ನು ಪಕ್ಕದ ತಗಡಿನ ಮನೆಗಳ ಬಸ್ತಿಯವರು ಪಾಠ ಹೇಳಲು ಕರೆದಿದ್ದಾರೆ. ನಿಮಗೇನು ಆಸೆ ಎಂದು ಕೇಳಿದರೆ ಶೋಭಾ ತುಸು ನಾಚುತ್ತಾರೆ.

"ಅಕಿ ಪಾಠ ಹೇಳಬೇಕು, ನಾ ಹಿಂದ ಕುಂತು ಕೇಳಬೇಕು. ಅಷ್ಟ ನೋಡ್ರಿ."