ಮಣೆಯಣ್ಣ ಮತ್ತು ಮಂಡಿಯೂರುವ ಗಾಡಿ

ಟಿವಿಯಲ್ಲಿ ದೊಡ್ಡ ಗಾಡಿಗಳ ಜಾಹೀರಾತು ಬಂದರೆ ನಾನು ಕೈಯಲ್ಲಿರುವ ಕೆಲಸ ಬಿಟ್ಟು ಕೂತು ನೋಡುತ್ತೇನೆ. ಮನೆ ಮಾರಿದರೂ ಕೈಗೆಟುಕದ ಗಾಡಿ ಬಂಡೆ ಹತ್ತುತ್ತದೆ, ಹೊಳೆ ದಾಟುತ್ತದೆ, ಕೊನೆಗೆ ಬೆಟ್ಟದ ತುದಿಯಲ್ಲಿ ನಿಂತು ಮಿಂಚುತ್ತದೆ. ಓಡಿಸುವವನ ಅಂಗಿಯ ಇಸ್ತ್ರಿ ಕೂಡ ಕೆಟ್ಟಿರುವುದಿಲ್ಲ. "ಅಕ್ಕಾ, ಈ ವಯಸ್ಸಲ್ಲಿ ನಿಂಗ್ಯಾಕೆ ಗಾಡಿ ಹುಚ್ಚು?" ಎಂದು ನನ್ನ ತಂಗಿ ನಗುತ್ತಾಳೆ. ನಾನೂ ಅಂಥ ಗಾಡಿಯಲ್ಲಿ ಓಡಾಡಿದವಳು, ಅದರೊಳಗೆ ಹೆರಿಗೆ ಮಾಡಿಸಿದವಳು ಎಂದರೆ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಆ ಗಾಡಿ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆದು ಸುರಿದು ತೀರ್ಮಾನ ಕೊಟ್ಟವನ ವಿಷಯ ನಾನು ಹೇಳಬೇಕು.

ಅವನು ನಮ್ಮ ಆಸ್ಪತ್ರೆಯ ಜೀಪ್ ಡ್ರೈವರ್. ಆಸ್ಪತ್ರೆ ಎಂದರೆ ಬೆಟ್ಟದ ಬುಡದಲ್ಲಿ ನಾಲ್ಕು ಕೋಣೆ, ಮುಂದೆ ತಗಡಿನ ಚಾವಣಿ, ಹಿಂದೆ ನನ್ನ ಕ್ವಾರ್ಟರ್ಸು. ಕ್ವಾರ್ಟರ್ಸಿನ ಬಾಗಿಲಿಗೆ ಇದ್ದದ್ದು ಒಂದೇ ಮೆಟ್ಟಿಲು, ಅದೂ ಮೊಣಕಾಲೆತ್ತರ. ಅದನ್ನು ಕಟ್ಟಿದವನಿಗೆ ನಾನು ಶಾಪ ಹಾಕದ ದಿನವಿಲ್ಲ. ನಾನು ನರ್ಸಾಗಿ ಅಲ್ಲಿಗೆ ಹೋದಾಗ ನನಗೆ ಇಪ್ಪತ್ನಾಲ್ಕು, ಅವನಿಗೆ ಮೂವತ್ತೊಂದು. ಮೊದಮೊದಲು ನಮ್ಮಿಬ್ಬರಿಗೂ ಎಣ್ಣೆ ಸೀಗೇಕಾಯಿ. ಯಾರಾದರೂ ಕರೆಯಲು ಬಂದರೆ ನಾನು ಚೀಲ ಹಿಡಿದು ಓಡುವವಳು, ಅವನು ನಾಲ್ಕೂ ಟೈರು ಒದ್ದು ನೋಡದೆ ಕೀಲಿ ತಿರುಗಿಸುವವನಲ್ಲ.

"ಅಲ್ಲಿ ಜೀವ ಹೋಗ್ತಿದೆ, ಇಲ್ಲಿ ನೀನು ಟೈರಿಗೆ ಒದೀತಾ ನಿಂತಿದ್ದೀಯಲ್ಲ!" ಎಂದು ಕಿರುಚುತ್ತಿದ್ದೆ.

"ನಡುದಾರೀಲಿ ನಿಂತ್ರೆ ನಮ್ಮನ್ನ ಕರ್ಕೊಂಡು ಹೋಗೋಕೆ ಇನ್ನೊಂದು ಜೀಪಿಲ್ಲ ಸಿಸ್ಟರ್," ಅನ್ನುತ್ತಿದ್ದ. ಸಿಟ್ಟು ನೆತ್ತಿಗೇರುತ್ತಿತ್ತು, ಚೀಲವನ್ನು ಸೀಟಿನ ಮೇಲೆ ಕುಕ್ಕಿ ಹತ್ತಿ ಕೂರುತ್ತಿದ್ದೆ.

ಎರಡನೇ ವರ್ಷ ಒಂದು ಘಟನೆ ಆಯಿತು. ಎಂಟು ತಿಂಗಳ ಬಸುರಿಯೊಬ್ಬಳು ಜೀಪು ಹತ್ತುವಾಗ ಕಾಲು ಜಾರಿ ಬಿದ್ದಳು. ಮೊಣಕಾಲ ಕೆಳಗೆ ತರಚಿತು, ಅಷ್ಟೇ. ಮಗುವಿಗೆ ಏನೂ ಆಗಲಿಲ್ಲ. ಆದರೆ ಅವನು ಅವತ್ತು ಊಟದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ತೆಗೆದುಕೊಂಡು ಹೋದ. ಮಾರನೆಯ ದಿನ ಒಂದು ಮಣೆ ತಂದ. ಆಸ್ಪತ್ರೆಯವರು ಎಸೆದಿದ್ದ ಮಂಚದ ಹಲಗೆ ಕುಯ್ದು, ನಾಲ್ಕು ಗಿಡ್ಡ ಕಾಲು ಬಡಿದು, ಮೇಲೆ ಕಾಲು ಜಾರದಂತೆ ಹಳೆ ಟೈರಿನ ಪಟ್ಟಿ ಮೊಳೆ ಹೊಡೆದು ಕೂರಿಸಿದ್ದ. ಅಂದಿನಿಂದ ಅವನು ಊರಿಗೆಲ್ಲ ಮಣೆಯಣ್ಣ. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಮಣೆ ಇಡುವುದಕ್ಕೆ ಅವನದೇ ಒಂದು ಕ್ರಮ. ಜೀಪು ನಿಲ್ಲಿಸಿ ಇಳಿಯುತ್ತಿದ್ದ, ಸುತ್ತು ಹಾಕಿ ಬರುತ್ತಿದ್ದ, ನೆಲ ನೋಡುತ್ತಿದ್ದ. ಚಪ್ಪಲಿ ಕಾಲಿನಿಂದ ಕಲ್ಲುಗಳನ್ನು ಆಚೆ ತಳ್ಳಿ ಮಣೆ ಇಟ್ಟು, ಅದು ಅಲುಗಾಡುತ್ತದೋ ಏನೋ ಎಂದು ತಾನೇ ಒಂದು ಸಲ ತುಳಿದು ನೋಡುತ್ತಿದ್ದ. ಆಮೇಲೆ ಮೊಣಕೈ ಚಾಚಿ "ಹತ್ತಿ" ಅನ್ನುತ್ತಿದ್ದ. ಮುದುಕಿಯರು ಅವನ ಗಲ್ಲ ಸವರಿ, "ಹೆತ್ತ ಮಗನೂ ಹಿಂಗೆ ಮಣೆ ಹಾಕಲ್ಲಪ್ಪ," ಅನ್ನುತ್ತಿದ್ದರು. ಅವನ ಹೆಂಡತಿಗೆ ಮಾತ್ರ ಜೀಪಿನ ಮೇಲೆ ಹುಸಿಮುನಿಸು. ನಾನು ಸಿಕ್ಕಾಗಲೆಲ್ಲ, "ನನ್ನ ಸವತಿ ಹೇಗಿದ್ದಾಳೆ ಸಿಸ್ಟರ್, ಇವತ್ತು ಎಷ್ಟು ಸಲ ಕೆಮ್ಮಿದಳು?" ಎಂದು ಕೇಳುತ್ತಿದ್ದಳು.

ಸವತಿ ಚೆನ್ನಾಗಿ ಕೆಮ್ಮುತ್ತಿದ್ದಳು. ಎರಡನೇ ಗೇರು ಹಾರಿಬೀಳುತ್ತಿತ್ತು, ಅದನ್ನು ಮಂಡಿಯಿಂದ ಒತ್ತಿ ಹಿಡಿದೇ ಏರು ಹತ್ತಿಸುತ್ತಿದ್ದ. ಮಳೆ ಬಂದರೆ ಹೊರಗಿಗಿಂತ ಒಳಗೆ ಜಾಸ್ತಿ ಸುರಿಯುತ್ತಿತ್ತು. ಆ ಜೀಪಿನಲ್ಲಿ ನಾನು ಮೂರು ಹೆರಿಗೆ ಮಾಡಿಸಿದ್ದೇನೆ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು. ಹೀಗೆ ಇಪ್ಪತ್ತೇಳು ವರ್ಷ ಹೋಯಿತು. ಅದರ ಕೊನೆಯ ಆರು ವರ್ಷ ನನ್ನ ಎಡಮಂಡಿ ಕೈಕೊಟ್ಟಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬೆಟ್ಟ ಸುತ್ತುವ ಕೆಲಸ ತಪ್ಪಿಸಿ ರಿಜಿಸ್ಟರ್ ಮುಂದೆ ಕೂರಿಸುತ್ತಾರೆ ಎಂಬ ಭಯ. ಹಲ್ಲು ಕಚ್ಚಿ ಹತ್ತುತ್ತಿದ್ದೆ, ಹಲ್ಲು ಕಚ್ಚಿ ಇಳಿಯುತ್ತಿದ್ದೆ. ನೋವು ಶುರುವಾದ ಸುಮಾರಿಗೇ ಒಂದು ದಿನ ಅವನು ಮಣೆಯ ಕಾಲು ಬದಲಾಯಿಸಿ ಒಂದಂಗುಲ ಎತ್ತರ ಮಾಡಿದ್ದ. "ಏನಣ್ಣ, ನಿನ್ನ ಮಣೆ ವಯಸ್ಸಿಗೆ ಬಂತಾ?" ಎಂದು ರೇಗಿಸಿದ್ದೆ. "ಕಾಲಿಗೆ ಗೆದ್ದಲು ಹಿಡಿದಿತ್ತು," ಅಂದಿದ್ದ.

ಆಗ ಬಂತು ಆ ಗಾಡಿ. ಕಲ್ಲು ಕ್ವಾರಿಯ ಮಾಲೀಕನೊಬ್ಬ ತಾನು ಓಡಿಸುತ್ತಿದ್ದ ಐಷಾರಾಮಿ ಗಾಡಿಯನ್ನು ಆಸ್ಪತ್ರೆಗೆ ಕೊಡುತ್ತೇನೆಂದ. ಅವನ ತಾಯಿಯನ್ನು ಒಮ್ಮೆ ನಾವು ಜೀಪಿನಲ್ಲಿ ಹೊತ್ತು ತಂದು ಉಳಿಸಿದ್ದೆವು, ಆ ಋಣಕ್ಕೆ. ನಮ್ಮ ಡಾಕ್ಟರಮ್ಮ ಹೊಸಬರು, ಚಿಕ್ಕ ವಯಸ್ಸು, ಆದರೆ ನ್ಯಾಯಸ್ಥೆ. ಮಣೆಯಣ್ಣನನ್ನು ಕರೆದು ಒಂದು ಹಾಳೆ ಕೊಟ್ಟರು.

"ಒಂದು ತಿಂಗಳು ಓಡಿಸಿ ನೋಡಿ. ಒಂದು ಕಡೆ ಒಳ್ಳೇದು ಬರೀರಿ, ಇನ್ನೊಂದು ಕಡೆ ಕೆಟ್ಟದ್ದು. ಕೊನೇಲಿ ಬೇಕಾ ಬೇಡ್ವಾ ಹೇಳಿ. ಸಿಸ್ಟರೂ ಸಹಿ ಹಾಕಲಿ. ನೀವು ಹೇಳಿದ್ದೇ ಕೊನೆ. ಆದ್ರೆ ಒಂದು ವಿಷಯ, ಒಂದೇ ಗಾಡಿ ಇಟ್ಕೊಳ್ಳೋಕೆ ಆಗೋದು. ಇದು ಬೇಕು ಅಂದ್ರೆ ಜೀಪು ಗುಜರಿಗೆ ಹೋಗುತ್ತೆ."

ಅವನು ಹಾಳೆ ಮಡಚಿ ಜೇಬಿಗಿಟ್ಟು, ಕಿಟಕಿಯಾಚೆ ನಿಂತಿದ್ದ ಜೀಪನ್ನು ನೋಡಿದ. ಅವನ ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ಜೀಪಿನ ಜೊತೆಯಲ್ಲೇ ಕೆಲಸ ಮುಗಿಸಬೇಕೆಂಬುದು ಅವನ ಒಂದೇ ಆಸೆ.

ಗಾಡಿ ಬಂದ ದಿನ ಊರೇ ನೆರೆಯಿತು. ಅದರ ಮೈಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಹಾಲುಕೆನೆ ಬಣ್ಣದ ಚರ್ಮದ ಸೀಟು, ಸೀಟಿನೊಳಗೇ ಬಿಸಿ, ತಟ್ಟೆಯಷ್ಟಗಲದ ಪರದೆ. ಅದರಲ್ಲಿ ಗಾಡಿಯ ಸುತ್ತಲಿನ ನೆಲವೆಲ್ಲ ಕಾಣುತ್ತಿತ್ತು. ಮಣೆಯಣ್ಣ ಅಭ್ಯಾಸದಂತೆ ಮಣೆ ತೆಗೆದುಕೊಂಡು ಬಂದ. ಗಾಡಿ ತಂದಿದ್ದವನು ನಕ್ಕು, "ಅದೆಲ್ಲ ಬೇಕಿಲ್ಲ," ಎಂದು ಒಂದು ಗುಂಡಿ ಒತ್ತಿದ. ಗಾಡಿ ಉಸ್ಸೆಂದು ಉಸಿರು ಬಿಟ್ಟು ಮೆಲ್ಲಗೆ ಮಂಡಿಯೂರಿದ ಹಾಗೆ ತಗ್ಗಿತು. ನಾನು ಸುಮ್ಮನೆ ಕಾಲಿಟ್ಟು ಒಳಗೆ ಕೂತೆ. ಏನನ್ನೂ ಹಿಡಿದುಕೊಳ್ಳಲಿಲ್ಲ, ಹಲ್ಲು ಕಚ್ಚಲಿಲ್ಲ.

"ಶೋಕಿ!" ಎಂದು ಮೂಗು ಮುರಿದೆ. ಅಷ್ಟರಲ್ಲಿ ಸ್ಟೀರಿಂಗ್ ಮುಂದೆ ಬಂದು ಕೂತಿದ್ದ ಮಣೆಯಣ್ಣ ಮುಂದಿನ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

"ಏನು?" ಅಂದೆ.

"ಏನಿಲ್ಲ," ಅಂದ.

ಮೂರು ವಾರ ಓಡಾಡಿದೆವು. ಸುಳ್ಳು ಹೇಳಬಾರದು, ಏರಿನಲ್ಲಿ ಅದರ ಮುಂದೆ ಜೀಪು ಎಲ್ಲಿ ನಿಂತೀತು! ಜೀಪು ಮುಕ್ಕಾಲು ಗಂಟೆ ತಿಣುಕುವ ದಾರಿಯನ್ನು ಅದು ಇಪ್ಪತ್ತೇ ನಿಮಿಷದಲ್ಲಿ ಮುಗಿಸುತ್ತಿತ್ತು, ಒಳಗೆ ಕೂತವರ ಕೈಯಲ್ಲಿನ ಚಹಾ ತುಳುಕದ ಹಾಗೆ. ಕಾಲು ಮುರಿದವನೊಬ್ಬ ದಾರಿಯುದ್ದಕ್ಕೂ ನಿದ್ದೆ ಮಾಡಿದ. ಆದರೆ ನೇಕಾರರ ಇಕ್ಕಟ್ಟಾದ ಮಗ್ಗದ ಬೀದಿಗೆ ಅದು ನುಗ್ಗುತ್ತಲೇ ಇರಲಿಲ್ಲ, ಗಾಡಿ ಅಷ್ಟು ಅಗಲ. ಬೀದಿಯ ಬಾಯಲ್ಲೇ ಎರಡೂ ಕಡೆಯ ಗೋಡೆ ಸವರಿಕೊಂಡು ನಿಂತು ಕೀಂ ಕೀಂ ಎಂದು ಅರಚುತ್ತಿತ್ತು. ಒಂದು ಬೆಳಿಗ್ಗೆ ಯಾವುದೋ ಹಳದಿ ದೀಪ ಹತ್ತಿಕೊಂಡು, ಏನು ಮಾಡಿದರೂ ನಡಿಗೆಯ ವೇಗಕ್ಕಿಂತ ಮೇಲೆ ಹೋಗಲಿಲ್ಲ. ಯಾಕೆಂದು ಕೇಳಲು ಪಟ್ಟಣದಿಂದ ಕಂಪ್ಯೂಟರ್ ಹಿಡಿದ ಒಬ್ಬ ಬರಬೇಕಾಯಿತು. ಇನ್ನು ರೋಗಿಗಳೋ, ಆ ಸೀಟು ನೋಡಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ಒಬ್ಬ ಮುದುಕ ವಾಂತಿ ಬಂದರೂ ಕೆನ್ನೆ ಉಬ್ಬಿಸಿಕೊಂಡು ಆಸ್ಪತ್ರೆಯವರೆಗೂ ತಡೆದುಕೊಂಡು ಬಂದ, ಪಾಪ.

ನಾನು ದಿನಾ ಮಣೆಯಣ್ಣನ ಕಿವಿ ಕಚ್ಚುತ್ತಿದ್ದೆ: "ಇದನ್ನೂ ಬರ್ಕೋ ಅಣ್ಣ, ಇದನ್ನೂ ಬರ್ಕೋ." ಕೆಟ್ಟದ್ದರ ಕಡೆ ಎಷ್ಟು ಉದ್ದವಾದರೆ ಜೀಪಿಗೆ ಅಷ್ಟು ಆಯಸ್ಸು ಎಂಬುದು ನನ್ನ ಲೆಕ್ಕಾಚಾರ. ನನಗೆ ಮಂಡಿಗಿಂತ ಆ ಜೀಪೇ ದೊಡ್ಡದಾಗಿತ್ತು. ನನ್ನ ಪ್ರಾಯವೆಲ್ಲ ಅದರೊಳಗೇ ಕಳೆದಿತ್ತಲ್ಲ.

ನಾಲ್ಕನೇ ವಾರ, ಜಿಟಿಜಿಟಿ ಮಳೆಯ ಒಂದು ಮಧ್ಯಾಹ್ನ, ಹೊಳೆಯಾಚೆಯಿಂದ ಒಬ್ಬ ಬಸುರಿಗೆ ನೋವು ಶುರುವಾಗಿದೆ ಎಂದು ಸುದ್ದಿ ಬಂತು. ಗಾಡಿ ಹೊಳೆಗೆ ಇಳಿಯಿತು, ಬಾಗಿಲಿನ ಅರ್ಧದವರೆಗೂ ನೀರು, ಒಂದು ಹನಿ ಒಳಗೆ ಬರಲಿಲ್ಲ. ಆ ಹುಡುಗಿಯನ್ನು ಗಂಡ ದಡದಲ್ಲಿ ಕೊಡೆ ಹಿಡಿದು ನಿಲ್ಲಿಸಿಕೊಂಡಿದ್ದ. ಮಣೆಯಣ್ಣ ಅವಳ ಪಕ್ಕಕ್ಕೆ ತಂದು ನಿಲ್ಲಿಸಿ, ಕೂತಲ್ಲಿಂದಲೇ ಗುಂಡಿ ಒತ್ತಿದ. ಗಾಡಿ ತಗ್ಗಿತು. ಅವಳು ಹತ್ತಿದಳು. ಅಷ್ಟರಲ್ಲಿ ಕೆಳಗೆ ಕರಕ್ ಎಂದು ಸದ್ದಾಯಿತು, ಪರದೆ ತುಂಬ ಕೆಂಪು ಅಕ್ಷರ. ಗಾಡಿ ಒಂದು ಬಂಡೆಯ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತ್ತು. ಮತ್ತೆ ಮೇಲೇಳಲಿಲ್ಲ. ನೆಲ ತೋರಿಸುವ ಕ್ಯಾಮೆರಾಗೆ ಕೆಸರು ಮೆತ್ತಿ ಏನೂ ಕಂಡಿರಲಿಲ್ಲ, ಅವನು ಇಳಿದು ನೋಡಿರಲೂ ಇಲ್ಲ. ಗುಂಡಿ ಒತ್ತಿದರೆ ತಗ್ಗುವ ಗಾಡಿಗೆ ಇಳಿಯುವ ಅಗತ್ಯವೇ ಬಿದ್ದಿರಲಿಲ್ಲವಲ್ಲ.

ಅವನು ಇಳಿದು, ಬಗ್ಗಿ ಬಂಡೆ ನೋಡಿ, ತಲೆಯ ಮೇಲೆ ಕೈ ಹೊತ್ತ. ಆಮೇಲೆ ಜೀಪು ತರಲು ಮೇಲಿನ ತೂಗುಸೇತುವೆಯ ಕಡೆಗೆ, ಅಲ್ಲಿಂದ ಆಸ್ಪತ್ರೆಗೆ ಓಡಿದ. ಐವತ್ತೆಂಟು ವಯಸ್ಸಿನವನು ಹಾಗೆ ಓಡಿದ್ದನ್ನು ನಾನು ಮತ್ತೆಂದೂ ನೋಡಿಲ್ಲ.

ಅವನು ಬರುವಷ್ಟರಲ್ಲಿ ಇಲ್ಲಿ ಹೆರಿಗೆಯೇ ಆಯಿತು. ಹಿಂದಿನ ಸೀಟು ಮಡಚಿದರೆ ಮಂಚದಷ್ಟು ಜಾಗ, ಚಾವಣಿ ತುಂಬ ಬೆಳಕು, ಬೆಚ್ಚಗಿನ ಗಾಳಿ. ಬಾಯಲ್ಲಿ ಟಾರ್ಚು ಕಚ್ಚದೆ ನಾನು ಮಾಡಿಸಿದ ಮೊದಲ ಗಾಡಿ ಹೆರಿಗೆ ಅದು. ಮಗು ಹೊರಗೆ ಬಂದದ್ದೇ ಗಾಡಿಯ ಎಚ್ಚರಿಕೆ ಸದ್ದಿಗಿಂತ ಜೋರಾಗಿ ಅತ್ತಿತು. ಗಂಡುಮಗುವಿನ ತಾಯಿ ಸುಸ್ತಾಗಿ ಮಲಗಿ, "ಸಿಸ್ಟರ್, ಸೀಟು ಹಾಳಾಯ್ತಲ್ಲ," ಅಂದಳು. "ಮುಚ್ಚು ಬಾಯಿ," ಎಂದು ಬೈದು ಅವಳ ಹಣೆಗೆ ಮುತ್ತು ಕೊಟ್ಟೆ.

ಜೀಪು ಕೆಮ್ಮುತ್ತಾ ಹೊಳೆ ದಾಟಿ ಬಂತು. ಮಣೆಯಣ್ಣ ನೆಲ ನೋಡಿ, ಕಲ್ಲು ತಳ್ಳಿ, ಮಣೆ ಇಟ್ಟು, ತುಳಿದು ನೋಡಿದ. ತಾಯಿ ಮಗು ಜೀಪಿನಲ್ಲಿ ಆಸ್ಪತ್ರೆ ಸೇರಿದರು. ಮಾರನೆಯ ದಿನ ಅದೇ ಜೀಪು ಸರಪಳಿ ಹಾಕಿ ಆ ಶ್ರೀಮಂತ ಗಾಡಿಯನ್ನು ಬಂಡೆಯಿಂದ ಎಳೆದು ತಂದಿತು. ಊರಿನವರು ಜೀಪಿಗೆ ಶಿಳ್ಳೆ ಹೊಡೆದರು.

ನನಗಂತೂ ಖುಷಿಯೋ ಖುಷಿ. "ಮುಗೀತಲ್ಲ ಅಣ್ಣ! ಹೊಳೆ ದಡದಲ್ಲಿ ಕೂತ್ಕೊಂಡ್ಬಿಡ್ತು ಅಂತ ಒಂದು ಸಾಲು ಬರಿ ಸಾಕು. ನಾನು ಕಣ್ಣು ಮುಚ್ಚಿ ಸಹಿ ಹಾಕ್ತೀನಿ."

ಅವನು ಸರಪಳಿ ಸುತ್ತಿ ಜೀಪಿನ ಹಿಂದೆ ಹಾಕಿದ. ಗಾಡಿ ರಿಪೇರಿಯಾಗಿ ಬಂದ ಮೇಲೂ ಎರಡು ದಿನ ಔಷಧದ ಕೋಣೆಯ ಮೇಜಿನ ಮುಂದೆ ಪೆನ್ನು ಹಿಡಿದು ಕೂತ. ಮೂರನೇ ದಿನ ಹಾಳೆ ತಂದು ನನ್ನ ಮುಂದಿಟ್ಟು, "ಓದಿ ಸಹಿ ಹಾಕಿ ಸಿಸ್ಟರ್," ಎಂದು ಹೊರಗೆ ಹೋದ.

ಕೆಟ್ಟದ್ದರ ಕಡೆ ಉದ್ದವಾಗಿಯೇ ಇತ್ತು. ಅಗಲ ಜಾಸ್ತಿ, ಮಗ್ಗದ ಬೀದಿಗೆ ಸ್ಟ್ರೆಚರ್ ಹೊತ್ತು ನಡೆಯಬೇಕು. ಟೈರು ಈ ಕಡೆ ಸಿಗುವುದಿಲ್ಲ. ಕೆಟ್ಟರೆ ಏನು ಕೆಟ್ಟಿದೆ ಎಂದು ಜೀಪಿನ ಹಾಗೆ ಸದ್ದಿನಲ್ಲಿ ಹೇಳುವುದಿಲ್ಲ. ಜನ ಸೀಟಿಗೆ ಹೆದರುತ್ತಾರೆ, ದಪ್ಪ ಬಟ್ಟೆಯ ಕವರ್ ಹೊಲಿಸಬೇಕು. ಅದರ ಕೆಳಗೆ, ಅಡಿಗೆರೆ ಎಳೆದು ಬರೆದಿದ್ದ: "ಬಂಡೆಯ ಮೇಲೆ ಕೂತದ್ದು ಗಾಡಿಯ ತಪ್ಪಲ್ಲ. ಡ್ರೈವರ್ ಇಳಿದು ನೋಡಲಿಲ್ಲ. ತಪ್ಪು ನನ್ನದು."

ಒಳ್ಳೆಯದರ ಕಡೆ ನಾಲ್ಕೇ ಸಾಲು. ಏರು ಬೇಗ ಹತ್ತುತ್ತದೆ. ಹೊಳೆ ದಾಟುತ್ತದೆ. ಒಳಗೆ ಹೆರಿಗೆ ಮಾಡಿಸಬಹುದು. ನಾಲ್ಕನೆಯದನ್ನು ಓದುವಾಗ ನನ್ನ ಕನ್ನಡಕ ಮಂಜಾಯಿತು: "ಮಂಡಿನೋವು ಇರುವವರು ಅದನ್ನು ಯಾರಿಗೂ ಹೇಳದೆ ಹತ್ತಿ ಇಳಿಯಬಹುದು."

ಕೊನೆಯಲ್ಲಿ, "ಇಟ್ಟುಕೊಳ್ಳಬಹುದು" ಎಂದಿತ್ತು. ಅದರ ಕೆಳಗೆ ಅವನ ಸಹಿ.

ನಾನು ಸಹಿ ಹಾಕಿದೆ. ಹಾಕದೆ ಇರಲು ನಾನು ಸುಳ್ಳು ಹೇಳಬೇಕಿತ್ತು. ಕೈ ತಡೆಯದೆ ಹಾಕಿದೆ ಎಂದರೆ ಅದೂ ಸುಳ್ಳೇ.

ಜೀಪನ್ನು ಗುಜರಿಯವರು ಒಂದು ಸೋಮವಾರ ಲಾರಿಗೆ ಹತ್ತಿಸಿದರು. ಮಣೆಯಣ್ಣ ನೋಡಲು ನಿಲ್ಲಲಿಲ್ಲ. ಅವನ ಹೆಂಡತಿ ಮಾತ್ರ ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಎರಡು ವರ್ಷ ಅವನು ಆ ದೊಡ್ಡ ಗಾಡಿ ಓಡಿಸಿದ. ನಿಂತ ಕಡೆಯೆಲ್ಲ ಇಳಿಯುತ್ತಿದ್ದ, ಸುತ್ತು ಹಾಕುತ್ತಿದ್ದ, ಬಗ್ಗಿ ನೆಲ ನೋಡುತ್ತಿದ್ದ, ಆಮೇಲೆ ಗುಂಡಿ ಒತ್ತುತ್ತಿದ್ದ. "ಮಳೇಲಿ ಯಾಕಣ್ಣ ನೆನೀತೀಯಾ?" ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅವನು ತೀರಿಕೊಂಡು ಈಗ ಐದು ವರ್ಷ.

ಜೀಪು ಹೋದ ದಿನ ಸಂಜೆ ನಾನು ಕ್ವಾರ್ಟರ್ಸಿಗೆ ಬಂದಾಗ ಅವನು ನನ್ನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಆ ಹಾಳು ಮೆಟ್ಟಿಲ ಕೆಳಗಿನ ಕಲ್ಲುಗಳನ್ನು ಆಚೆ ಎಸೆದು, ಮಣ್ಣು ಸಮ ಮಾಡಿ, ಜೀಪಿನ ಮಣೆಯನ್ನು ಅಲ್ಲಿ ಇಟ್ಟಿದ್ದ. ಎದ್ದು ತುಳಿದು ನೋಡಿದ. ಅಲುಗಾಡಲಿಲ್ಲ.

ನನಗೆ ಅಳು ಬರುತ್ತಿತ್ತು, ಅದಕ್ಕೇ ಜಗಳಕ್ಕೆ ನಿಂತೆ. "ನನ್ನ ಮಂಡಿ ವಿಷಯ ನಿಂಗೆ ಯಾವಾಗ ಗೊತ್ತಾಯ್ತು? ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಸಿಸ್ಟರ್," ಅಂದ. "ಆರು ವರ್ಷದ ಹಿಂದೆ ಮಣೆ ಒಂದಂಗುಲ ಎತ್ತರ ಮಾಡಿದ್ನಲ್ಲ, ಅದಕ್ಕೆ ಗೆದ್ದಲು ಹಿಡಿದಿರ್ಲಿಲ್ಲ."

ಎಂದಿನ ಹಾಗೆ ಮೊಣಕೈ ಚಾಚಿ, "ಹತ್ತಿ," ಅಂದ.